ಹೊಸಬನ ಸೊಂಟಪಟ್ಟಿ

ಹೊಸಬ ಸ್ವಿಚ್ ಬೋರ್ಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಗಿ ಮೇಲೆ ಸರಿದು ಸೊಂಟದ ಪಟ್ಟಿ ಪೂರ್ತಿ ಕಾಣುತ್ತಿತ್ತು. ಹಿಂದೆ ಟಾರ್ಚು ಹಿಡಿದು ನಿಂತಿದ್ದ ಗೆಜ್ಜೆಯಣ್ಣನ ಕಣ್ಣು ಬೋರ್ಡನ್ನು ಬಿಟ್ಟು ಆ ಪಟ್ಟಿಯ ಮೇಲೆ ಹೋಗಿ ಕೂತಿತು. ಬೂದು ಬಣ್ಣದ ದಪ್ಪ ಕ್ಯಾನ್ವಾಸು. ಟೆಸ್ಟರಿಗೆ ಒಂದು ಉದ್ದನೆಯ ಜೇಬು, ಇಕ್ಕಳಕ್ಕೆ ಒಂದು, ಅಳತೆ ಟೇಪಿಗೆ ಗುಂಡನೆಯದು ಇನ್ನೊಂದು. ಬಲಗಡೆಯ ಕುಣಿಕೆಯಲ್ಲಿ ಸ್ವಿಚ್ ಬೋರ್ಡುಗಳ ಬೀಗದ ಕೈಗಳು, ಎಡಗಡೆ ಅಂಥದೇ ಕುಣಿಕೆಯಲ್ಲಿ ಒಂದು ಸಣ್ಣ ಸುತ್ತಿಗೆ. ಎಲ್ಲವೂ ಅದರದರ ಜಾಗದಲ್ಲಿ ಮೈಗೆ ಅಂಟಿಕೊಂಡು ಕೂತಿದ್ದವು.

ಗೆಜ್ಜೆಯಣ್ಣ ನೋಡುತ್ತಿದ್ದುದು ಜೇಬುಗಳನ್ನಲ್ಲ, ಹೊಲಿಗೆಯನ್ನು. ಕುಣಿಕೆಯ ಬುಡದಲ್ಲಿ ಹೊಲಿಗೆ ಮೂರು ಸಲ ಹಿಂದಕ್ಕೆ ಹೋಗಿ ಬಂದು, ಅದರ ಮೇಲೊಂದು ಅಡ್ಡಗುರುತು ಹಾಕಿ ಮುಗಿದಿತ್ತು. ಭಾರ ಬೀಳುವ ಕಡೆ ಹೀಗೆ ಹೊಲಿಯುವ ಕೈ ಅವನಿಗೆ ಗೊತ್ತಿರುವಂತೆ ಒಂದೇ ಒಂದು. ಅವನ ಪ್ಯಾಂಟುಗಳ ಹರಿದ ಜೇಬುಗಳೆಲ್ಲ ಅದೇ ಗುರುತು ಹೊತ್ತುಕೊಂಡು ಅವನ ಜೊತೆ ಓಡಾಡುತ್ತಿದ್ದವು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಹೇಳುತ್ತಿದ್ದ, ಇದು ನನ್ನ ಹೆಂಡತಿಯದು ಎಂದು.

"ಟಾರ್ಚು ಅಲ್ಲಾಡ್ತಿದೆ ಅಣ್ಣ," ಅಂದ ಹೊಸಬ, ತಿರುಗಿ ನೋಡದೆ.

ಐದು ಮಹಡಿಯ ಆ ಆಸ್ಪತ್ರೆಯ ಬೀಗಗಳೆಲ್ಲ ಇಪ್ಪತ್ತೊಂದು ವರ್ಷದಿಂದ ಗೆಜ್ಜೆಯಣ್ಣನ ವಶದಲ್ಲಿದ್ದವು. ಬಳೆಯಷ್ಟು ದೊಡ್ಡ ಕಬ್ಬಿಣದ ಉಂಗುರ, ಅದರಲ್ಲಿ ತೊಂಬತ್ತಕ್ಕೂ ಮಿಕ್ಕಿ ಬೀಗದ ಕೈಗಳು. ಒಂದಕ್ಕೂ ಚೀಟಿ ಇಲ್ಲ, ಗುರುತಿಲ್ಲ. ಯಾವುದು ಯಾವುದರದು ಎಂಬುದು ಅವನ ಬೆರಳಿಗೆ ಮಾತ್ರ ಗೊತ್ತು. ಆ ಗೊಂಚಲನ್ನು ನೈಲಾನ್ ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಅದರ ಭಾರಕ್ಕೆ ಪ್ಯಾಂಟು ಬಲಕ್ಕೆ ಜಗ್ಗಿ ಹತ್ತು ಹೆಜ್ಜೆಗೊಮ್ಮೆ ಮೇಲಕ್ಕೆಳೆದುಕೊಳ್ಳಬೇಕಾಗುತ್ತಿತ್ತು. ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟರೆ ತೊಡೆಗೆ ಚುಚ್ಚುತ್ತಿತ್ತು, ಇಕ್ಕಳ ಇಟ್ಟರೆ ಜೇಬೇ ಹರಿಯುತ್ತಿತ್ತು. ಆದರೆ ಅವನು ನಡೆದರೆ ಎರಡು ವಾರ್ಡಿನಾಚೆಗೂ ಸದ್ದು ಕೇಳುತ್ತಿತ್ತು. ನರ್ಸುಗಳು ಆ ಸದ್ದಿಗೆ ಗೆಜ್ಜೆಯೆಂದರು, ಅವನಿಗೆ ಗೆಜ್ಜೆಯಣ್ಣನೆಂದರು. ಮೊದಮೊದಲು ಅವನು ಮೂಗು ಮುರಿದ. ಆಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ತನ್ನನ್ನಲ್ಲವೇನೋ ಎಂಬಂತೆ ಮುಂದೆ ಹೋಗುವಷ್ಟು ಆ ಹೆಸರು ಒಗ್ಗಿಹೋಯಿತು.

ಹೊಸಬ ಎಲೆಕ್ಟ್ರಿಷಿಯನ್ ಆಗಿ ಬಂದು ಮೂರು ತಿಂಗಳಾಗಿತ್ತು. ಬಂದದ್ದು ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ದೀಪ ಉರಿಯುತ್ತಿದ್ದರೆ ಅವನು ಬಂದು ಹೋಗಿದ್ದಾನೆಂದೇ ಅರ್ಥ. ಇತ್ತೀಚೆಗೆ ಆ ಪಟ್ಟಿ ಕಟ್ಟತೊಡಗಿದ ಮೇಲಂತೂ ಕೇಳುವುದೇ ಬೇಡ. ಏಣಿಯ ಮೇಲಿಂದ ಒಂದು ಸಲವೂ 'ಅದು ಕೊಡಿ, ಇದು ಕೊಡಿ' ಅನ್ನುವುದಿಲ್ಲ, ನೋಡದೆಯೇ ಕೈ ಹಾಕಿ ಬೇಕಾದ್ದನ್ನು ತೆಗೆಯುತ್ತಾನೆ ಎಂದು ನರ್ಸುಗಳು ಹೊಗಳಿದ್ದೇ ಹೊಗಳಿದ್ದು. ಗೆಜ್ಜೆಯಣ್ಣ ಅದನ್ನೆಲ್ಲ ಕೇಳಿಯೂ ಕೇಳದವನಂತೆ ಇದ್ದುಬಿಟ್ಟಿದ್ದ. ಈಗ ಆ ಪಟ್ಟಿ ತನ್ನ ಮನೆಯಿಂದಲೇ ಹೊರಟದ್ದೆಂದು ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ?

ಸಂಜೆ ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳೂ ಅದೇ ಆಸ್ಪತ್ರೆಯವಳು. ಕೆಳಗಿನ ಮಹಡಿಯ ಹೊಲಿಗೆ ಕೋಣೆ ಅವಳದು. ಎಲ್ಲರಿಗೂ ಅವಳು ಹೊಲಿಗೆಯಕ್ಕ. ಗೆಜ್ಜೆಯಣ್ಣ ಮುಖ ತೊಳೆದು ಬಂದು, ಊರ ಸುದ್ದಿಯೆಲ್ಲ ಆಡಿ, ಕಡೆಗೆ ಹೊಸಬನ ಪಟ್ಟಿ ಚೆನ್ನಾಗಿದೆ, ಯಾವ ಅಂಗಡಿಯದೋ ಏನೋ ಎಂದ.

"ಅಂಗಡೀಲಿ ಅಂಥದ್ದು ಎಲ್ಲಿ ಸಿಗುತ್ತೆ? ನಾನೇ ಹೊಲಿದುಕೊಟ್ಟೆ," ಅಂದಳು ಅವಳು. ಸ್ವರದಲ್ಲಿ ಸಣ್ಣದೊಂದು ಜಂಬವಿತ್ತು.

ಮುಚ್ಚಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಅಳತೆ ಹೇಗೆ ಸಿಕ್ಕಿತು ಎಂದು ಕೇಳಿದ. ಟೇಪು ಹಿಡಿದು, ಅಂದಳು. ಯಾರು ಹಿಡಿದದ್ದು ಎಂದು ಕೇಳಿದ.

"ಟೇಪಿಗೆ ಎರಡು ತುದಿ ಇರುತ್ತೆ ರೀ. ಒಂದು ಅವನು ಹಿಡಿದ, ಒಂದು ನಾನು." ಅವಳು ಮಡಿಸಿದ ಅಂಗಿಯ ಮೇಲೆ ಅಂಗೈ ಒತ್ತಿ ನಯ ಮಾಡಿದಳು. "ನಿಮಗೂ ಒಂದು ಹೊಲಿದಿದ್ದೆ. ಅದೀಗ ಸ್ಕೂಟರ್ ಸೀಟಿನ ಕೆಳಗಿದೆ, ಒರೆಸೋ ಬಟ್ಟೆಯಾಗಿ."

ಅದು ನಿಜ. ಎರಡು ವರ್ಷದ ಹಿಂದೆ ಅವಳು ಹೊಲಿದುಕೊಟ್ಟಿದ್ದನ್ನು ಅವನು ಅರ್ಧ ದಿನ ಕಟ್ಟಿಕೊಂಡಿದ್ದ. ಬೀಗದ ಕೈಗಳು ಮುಚ್ಚಳವಿದ್ದ ಜೇಬಿನೊಳಗೆ ಬಾಯಿ ಮುಚ್ಚಿಕೊಂಡು ಕೂತವು. ಅವನು ಬಂದದ್ದು ತಿಳಿಯದೆ ಒಬ್ಬ ನರ್ಸು ಬೆಚ್ಚಿಬಿದ್ದಳು. ಮಧ್ಯಾಹ್ನದವರೆಗೆ ಒಬ್ಬರೂ ಗೆಜ್ಜೆಯಣ್ಣ ಎಂದು ಕರೆಯಲಿಲ್ಲ. ದನಕ್ಕೆ ಹಗ್ಗ ಬಿಗಿದ ಹಾಗಿದೆ ಎಂದು ಗೊಣಗಿ ಅದನ್ನು ಬಿಚ್ಚಿ ಎಸೆದಿದ್ದ.

ಆದರೆ ಆ ಸಂಜೆ ಅವಳು ಹೇಳುತ್ತ ಹೋದದ್ದು ಅವನ ಹೊಟ್ಟೆಗೆ ಬೆಂಕಿ ಇಟ್ಟಿತು. ಹೊಸಬನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಏಣಿ ಹತ್ತಿಸಿ ಇಳಿಸಿ ನೋಡಿದಳಂತೆ. ಯಾವುದಕ್ಕೆ ಯಾವ ಕೈ ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಅಲ್ಲಲ್ಲೇ ಜೇಬು ಇಟ್ಟಳಂತೆ. ಬೀಗದ ಕೈ ಬಲಕ್ಕಿದ್ದರೆ ಸುತ್ತಿಗೆ ಎಡಕ್ಕಿರಲಿ, ತೂಕ ಸರಿಹೋಗುತ್ತೆ ಅಂತ ಅವಳೇ ಹೇಳಿದಳಂತೆ. ಹಾಗಾದರೆ ಅಷ್ಟು ಹೊತ್ತು ಇವಳು ಅವನನ್ನು ನೋಡಿದ್ದಾಳೆ. ತನ್ನನ್ನು ಹಾಗೆ ನೋಡಿ ಎಷ್ಟು ವರ್ಷವಾಯಿತು? ತನಗೆ ಹೊಲಿಯುವಾಗ ಅವಳು ಅಳತೆಗೆ ಬಂದು ನಿಲ್ಲಿ ಎಂದು ಮೂರು ಸಲ ಕರೆದಿದ್ದಳು, ತಾನೇ ಪುರಸೊತ್ತಿಲ್ಲ ಎಂದಿದ್ದೆ ಎಂಬುದು ಅವನಿಗೆ ನೆನಪಾಗದೆ ಇರಲಿಲ್ಲ. ನೆನಪಾದದ್ದರಿಂದ ಉರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮಾರನೆಯ ದಿನದಿಂದ ಗೆಜ್ಜೆಯಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ. ಹೊಸಬ ಬೆಳಿಗ್ಗೆ ಹತ್ತೂವರೆಗೆ ಹೊಲಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತಾನೆ. ಏಳು ನಿಮಿಷ. ಒಂದು ದಿನ ಗೋಡೆಯಾಚೆಯಿಂದ ಹೆಂಡತಿ ನಕ್ಕದ್ದು ಕೇಳಿತು, ಬಾಯಿಗೆ ಸೆರಗು ಒತ್ತಿ ನಗುವ ನಗು. ಮನೆಯಲ್ಲಿ ಅದನ್ನು ಕೇಳಿ ಕಾಲವಾಗಿತ್ತು. ಹೊಸಬ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಬಾಯಲ್ಲಿ ಅಕ್ಕ, ಮನಸ್ಸಿನಲ್ಲಿ ಏನೋ ಯಾರಿಗೆ ಗೊತ್ತು ಎಂದು ಇವನು ಹಲ್ಲು ಕಡಿದ. ಆ ಕೋಣೆಯ ಬೀರುವಿನ ಬೀಗ ಪರೀಕ್ಷಿಸುವ ನೆಪದಲ್ಲಿ ದಿನಕ್ಕೆ ಮೂರು ಸಲ ಒಳಗೆ ಹೋಗಿಬರತೊಡಗಿದ. ಹೋದಾಗಲೆಲ್ಲ ಹೊಸಬ ಎದ್ದು ನಿಂತು ಸ್ಟೂಲು ಬಿಟ್ಟುಕೊಡುತ್ತಿದ್ದ. ಅದಕ್ಕೂ ಇವನಿಗೆ ಸಿಟ್ಟು ಬರುತ್ತಿತ್ತು.

"ಬೀಗಕ್ಕೇನು ಜ್ವರ ಬಂದಿದೆಯಾ, ಹೊತ್ತು ಹೊತ್ತಿಗೂ ನಾಡಿ ಹಿಡಿಯೋಕೆ?" ಎಂದು ಹೆಂಡತಿ ಕೇಳಿದಳು. ಹೊಸಬ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಬೇರೆ ಮಾತೇ ಹೊರಡದಂತಾಯಿತು. ಅವಳು ಏನು ಹೇಳಿದರೂ ಇವನು ಕೊಂಕು ತೆಗೆಯುತ್ತಿದ್ದ. ಅವಳು ಎರಡು ದಿನ ಏನಾಯಿತು ಎಂದು ಕೇಳಿದಳು, ಮೂರನೆಯ ದಿನ ಕೇಳುವುದನ್ನು ಬಿಟ್ಟಳು. ಸ್ಕೂಟರಿನ ಸೀಟು ಎತ್ತಿ ತನ್ನ ಹಳೆಯ ಪಟ್ಟಿಯನ್ನು ಒಂದು ಸಲ ಬಿಡಿಸಿಯೂ ನೋಡಿದ. ಎಣ್ಣೆ ಕುಡಿದು ಕಪ್ಪಾಗಿತ್ತು, ಜೇಬುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದು ಹೊಲಿದುಕೊಡು ಎಂದು ಕೇಳಬಹುದಿತ್ತು. ಅವನ ನಾಲಿಗೆ ಮಾತ್ರ ಹೊರಳಲಿಲ್ಲ.

ಊಟದ ಬಿಡುವಿನಲ್ಲಿ ಹೊಸಬ ಕೆಲಸಗಾರರ ಕೋಣೆಯಲ್ಲಿ ಪಟ್ಟಿ ಬಿಚ್ಚಿ ಮೊಳೆಗೆ ನೇತುಹಾಕಿ, ಸಾಮಾನುಗಳನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಕೈ ತೊಳೆಯಲು ಹೋಗುವುದು ವಾಡಿಕೆ. ಆ ಕೋಣೆಯ ಬೀಗದ ಕೈ ಗೆಜ್ಜೆಯಣ್ಣನ ಬಳಿಯಲ್ಲದೆ ಇನ್ನಾರ ಬಳಿ ಇರಬೇಕು? ಒಂದು ದಿನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ಸದ್ದಾಗದಂತೆ ಒಳಗೆ ಬಂದ. ಯೋಚನೆ ಸರಳವಾಗಿತ್ತು. ಬಲಗಡೆಯ ಕುಣಿಕೆಯ ಹೊಲಿಗೆಯನ್ನು ಅರ್ಧಂಬರ್ಧ ಕೊಯ್ಯುವುದು. ಎಲ್ಲೋ ಮೆಟ್ಟಿಲಲ್ಲಿ, ವರಾಂಡದಲ್ಲಿ ಬೀಗದ ಕೈಗಳು ಬೀಳಲಿ. ಅವನು ಎಲ್ಲ ಮಹಡಿಗಳಲ್ಲೂ ಬಗ್ಗಿ ಹುಡುಕಲಿ, ನರ್ಸುಗಳು ನಗಲಿ. ಅದಕ್ಕಿಂತ ಹೆಚ್ಚಿಗೆ ಅವನಿಗೆ ಏನೂ ಬೇಕಿರಲಿಲ್ಲ.

ಹೊರಗಿಂದ ಕಾಣಬಾರದೆಂದು ಪಟ್ಟಿಯನ್ನು ಮಗುಚಿ ಒಳಮೈ ಮೇಲೆ ಮಾಡಿ ಮೇಜಿನ ಮೇಲೆ ಹಾಸಿದ. ಬಲಗೈಯ ಕಡೆಗಿದ್ದ ಕುಣಿಕೆಯನ್ನು ಹಿಡಿದು, ತಂತಿ ಕೆರೆಯುವ ಬ್ಲೇಡು ತೆಗೆದು, ಅಡ್ಡಗುರುತಿನ ಕೆಳಗೆ ಒಂದೊಂದೇ ದಾರ ಕೊಯ್ದ. ಹೊಲಿಗೆ ಗಟ್ಟಿಯಿತ್ತು. ಎಳೆಯುವುದಕ್ಕೆ ಬೆರಳು ನೋಯುವಷ್ಟು ಗಟ್ಟಿ. ಆ ಗಟ್ಟಿತನವೇ ಅವನನ್ನು ಕೆಣಕಿತು. ಕೊನೆಯ ಎರಡು ದಾರ ಮಾತ್ರ ಉಳಿಸಿದ. ಮಗುಚಿದ ಪಟ್ಟಿಯಲ್ಲಿ ಎಡ ಬಲಕ್ಕೆ ಬರುತ್ತದೆ, ಬಲ ಎಡಕ್ಕೆ ಹೋಗುತ್ತದೆ ಎಂಬುದು, ಜೀವಮಾನವೆಲ್ಲ ಬೀಗದೊಳಗೆ ಬೀಗದ ಕೈ ತಿರುಗಿಸಿದವನಿಗೆ, ಆ ಅವಸರದಲ್ಲಿ ಹೊಳೆಯಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಗೆಜ್ಜೆಯಣ್ಣ ಒಂದಲ್ಲ ಒಂದು ನೆಪದಲ್ಲಿ ಹೊಸಬನ ಹಿಂದೆ ಹಿಂದೆಯೇ ಅಲೆದ. ಅವನ ಬಲಗಡೆಯ ಬೀಗದ ಕೈಗಳು ಕಲ್ಲಿನಂತೆ ಕೂತಿದ್ದವು. ಎಂಥಾ ಹೊಲಿಗೆ ಹೊಲಿದಿದ್ದಾಳೆ ಮಾರಾಯ್ತಿ ಎಂದು ಒಳಗೊಳಗೇ ಕುದಿದ.

ಮೂರನೆಯ ದಿನ ಬೆಳಿಗ್ಗೆ ಹೊಲಿಗೆ ಕೋಣೆಯ ಫ್ಯಾನು ನಿಂತಿತು. ಇವನು ಬೀರುವಿನ ನೆಪ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಹೊಸಬ ಏಣಿ ಹತ್ತಿ ಫ್ಯಾನಿನ ತಂತಿ ಮುಚ್ಚುವ ಬಟ್ಟಲು ಬಿಚ್ಚುತ್ತಿದ್ದ. ಹೆಂಡತಿ ಏಣಿಯ ಪಕ್ಕದಲ್ಲೇ ಮೆಷಿನ್ನಿನ ಮುಂದೆ ಕೂತಿದ್ದಳು. ಶಸ್ತ್ರಚಿಕಿತ್ಸೆಗೆ ಬೇಕಾದ ಹಸಿರು ಬಟ್ಟೆಗಳ ರಾಶಿ ಹನ್ನೊಂದಕ್ಕೆ ಹೋಗಬೇಕಿತ್ತು, ಏಳುವುದಕ್ಕೆ ಅವಳಿಗೆ ಸಮಯವಿರಲಿಲ್ಲ. ಗೆಜ್ಜೆಯಣ್ಣ ಮೊದಲು ಬಲಗಡೆ ನೋಡಿದ. ಬೀಗದ ಕೈಗಳು ಅಲ್ಲಾಡದೆ ಕೂತಿದ್ದವು. ಕಣ್ಣು ತಾನಾಗಿ ಎಡಕ್ಕೆ ಹೋಯಿತು. ಸುತ್ತಿಗೆ ವಾಲಿಕೊಂಡು ನೇತಾಡುತ್ತಿತ್ತು. ಕುಣಿಕೆಯ ಒಂದು ಬದಿ ಬಾಯಿ ತೆರೆದಿತ್ತು.

ಏನಾಗಿದೆಯೆಂದು ಅವನಿಗೆ ತಕ್ಷಣ ಗೊತ್ತಾಯಿತು. ಕೂಗಬೇಕೆಂದು ಬಾಯಿ ತೆರೆದ. ಕೂಗಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ ಎಂಬ ಯೋಚನೆ ದನಿಗಿಂತ ಮೊದಲು ಬಂತು. ಆ ಯೋಚನೆಗೆ ಹಿಡಿದದ್ದು ಒಂದು ಉಸಿರಿನಷ್ಟು ಹೊತ್ತು. ಹೊಸಬ ಎರಡೂ ಕೈ ಮೇಲಕ್ಕೆತ್ತಿದ, ಸುತ್ತಿಗೆ ಬಿತ್ತು.

ಅದು ಬಿದ್ದದ್ದು ಮೆಷಿನ್ನಿನ ಹಲಗೆಯ ಮೇಲೆ, ಅವಳ ಎಡಗೈಗೆ ಎರಡು ಬೆರಳು ದೂರದಲ್ಲಿ. ಸೂಜಿ ಮುರಿದು ಎಲ್ಲೋ ಹಾರಿತು. ಅವಳು ಕಿರುಚಲಿಲ್ಲ. ಬಟ್ಟೆಯ ಮೇಲಿದ್ದ ಕೈಯನ್ನು ಅಲ್ಲೇ ಇಟ್ಟುಕೊಂಡು, ಅದು ಇನ್ನೂ ಇದೆಯೇ ಎಂದು ನೋಡುವವಳಂತೆ ನೋಡಿದಳು. ಹೊಸಬ ಏಣಿಯಿಂದ ಇಳಿದನೋ ಜಾರಿದನೋ ಗೊತ್ತಾಗಲಿಲ್ಲ. ಪೆಟ್ಟಾಯಿತಾ ಅಕ್ಕ ಎಂದು ಮತ್ತೆ ಮತ್ತೆ ಕೇಳುತ್ತ ಪಟ್ಟಿಯನ್ನು ಬಿಚ್ಚಿ ಅವಳ ಮುಂದಿಟ್ಟ. ಸದ್ದಿಗೆ ದೊಡ್ಡ ಸಿಸ್ಟರ್ ಪಕ್ಕದ ಕಚೇರಿಯಿಂದ ಬಂದರು. ಹೊಲಿಗೆ ಕೋಣೆಗೂ ಎಲ್ಲ ವಾರ್ಡುಗಳಿಗೂ ಅವರೇ ಹೊಣೆ.

ಹೆಂಡತಿ ಕುಣಿಕೆಯನ್ನು ಮಗುಚಿ ನೋಡಿದಳು. ಹರಿದ ದಾರದ ತುದಿ ಬಿರಿದು ಕುಚ್ಚಾಗುತ್ತದೆ, ಕೊಯ್ದ ದಾರದ್ದು ಮೊನೆಯಾಗಿ ನಿಲ್ಲುತ್ತದೆ. ಹತ್ತೊಂಬತ್ತು ವರ್ಷ ದಾರ ಹಿಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ತಲೆಯೆತ್ತಿದಳು. ಹೊಸಬನನ್ನು ನೋಡಲಿಲ್ಲ, ಸಿಸ್ಟರನ್ನೂ ನೋಡಲಿಲ್ಲ. ನೆಟ್ಟಗೆ ಬಾಗಿಲ ಕಡೆ ನೋಡಿದಳು. ಅಲ್ಲಿ ಗೆಜ್ಜೆಯಣ್ಣ ಚೌಕಟ್ಟು ಹಿಡಿದು ನಿಂತಿದ್ದ.

"ನನ್ನ ಹೊಲಿಗೆಯೇ ಬಿಟ್ಟಿದೆ ಸಿಸ್ಟರ್. ದಾರ ಹಳೇದಿತ್ತು," ಅಂದಳು, ಕುಣಿಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು.

ದೊಡ್ಡ ಸಿಸ್ಟರ್ ಕೆಟ್ಟವರಲ್ಲ. ಮೊದಲು ಅವಳ ಕೈ ಹಿಡಿದು ಒಂದೊಂದು ಬೆರಳನ್ನೂ ಮಡಿಸಿ ಬಿಡಿಸಿ ನೋಡಿದರು. ಆಮೇಲೆ ಅವರಿಗೆ ಬೇರೊಂದು ವಿಷಯ ನೆನಪಾಯಿತು. ಸ್ಟ್ರೆಚರಿನ ಮೇಲೆ ರೋಗಿಗಳು ಉರುಳದಂತೆ ಬಿಗಿಯುವ ಪಟ್ಟಿಗಳನ್ನೂ ಇವಳೇ ಹೊಲಿಯುವುದು. ಹೊರಗಿನಿಂದ ತರಿಸಿದ್ದೊಂದು ಕಿತ್ತುಬಂದು ರೋಗಿಯೊಬ್ಬರು ಜಾರಿದಾಗ, ಆ ಕೆಲಸ ನನಗೆ ಕೊಡಿ ಎಂದು ತಾನಾಗಿ ಕೇಳಿ ತೆಗೆದುಕೊಂಡಿದ್ದಳು. ಆಮೇಲೆ ಒಂದೂ ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಹೆಮ್ಮೆಯೆಂಬುದಿದ್ದರೆ ಅದೊಂದೇ.

"ಹೊಲಿಗೆ ಬಿಡುತ್ತೆ ಅಂದಮೇಲೆ ಅವನ್ನ ನಂಬಿ ಹೇಗೆ ಕಟ್ಟೋದು?" ಎಂದರು ಸಿಸ್ಟರ್, ಕಷ್ಟದಿಂದಲೇ. "ಎಲ್ಲಾ ವಾರ್ಡಿಂದ ವಾಪಸ್ ತರಿಸ್ತೀನಿ. ಇನ್ನು ಮೇಲೆ ನೀನು ಹೊದಿಕೆ, ಪರದೆ ಅಷ್ಟೇ ನೋಡ್ಕೋಮ್ಮ."

ಅವಳು ಆಗಲಿ ಎಂದು ತಲೆಯಾಡಿಸಿದಳು. ಪಟ್ಟಿಗಳಿರುವ ಕಪಾಟುಗಳ ಬೀಗ ತೆಗೆಯಬೇಕಾದವನು ಗೆಜ್ಜೆಯಣ್ಣನೇ ಆದ್ದರಿಂದ ಆ ಕೆಲಸ ಅವನಿಗೇ ಬಂತು.

ಅವನು ಮಹಡಿಯಿಂದ ಮಹಡಿಗೆ ಹೋಗಿ ಹೆಂಡತಿ ಹೊಲಿದ ಪಟ್ಟಿಗಳನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತ ಬಂದ. ಕೇಳಿದವರಿಗೆ ಮೇಲಿನವರ ಆರ್ಡರು ಎಂದ. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಬಂದಿತ್ತು. ಒಬ್ಬ ನರ್ಸು ಕಪಾಟಿನಿಂದ ಪಟ್ಟಿ ತೆಗೆದುಕೊಡುತ್ತ, ಹೊಲಿಗೆಯಕ್ಕನ ಕೈ ಸೋತಿರಬೇಕು, ಪಾಪ, ವಯಸ್ಸಾಯಿತಲ್ಲ ಎಂದಳು. ಪ್ರೀತಿಯಿಂದಲೇ ಅಂದಳು. ಇನ್ನೊಬ್ಬಳು, ಕಣ್ಣಿಗೆ ಕನ್ನಡಕ ಹಾಕಿಸಿ ಅಣ್ಣ, ಅಂದಳು. ಹೊಸಬನನ್ನು ನೋಡಿ ನಗಲೆಂದು ಅವನು ಕಾದಿದ್ದ ಬಾಯಿಗಳೇ ಅವು. ಗೆಜ್ಜೆಯಣ್ಣ ಮೆಟ್ಟಿಲ ತಿರುವಿನಲ್ಲಿ ನಿಂತು ಒಂದು ಪಟ್ಟಿಯ ತುದಿಗೆ ಕಾಲು ಕೊಟ್ಟು ಎರಡೂ ಕೈಯಿಂದ ಎಳೆದ. ಅವನ ಅಂಗೈ ಕೆಂಪಾಯಿತು, ಹೊಲಿಗೆಯ ಒಂದು ಎಳೆಯೂ ಅಲ್ಲಾಡಲಿಲ್ಲ. ಇನ್ನೊಂದನ್ನು ಎಳೆದ. ಅದೂ ಹಾಗೆಯೇ.

ಪಟ್ಟಿಗಳನ್ನು ಒಯ್ದು ಹಾಕಬೇಕಿದ್ದ ಉಗ್ರಾಣಕ್ಕೆ ಅವನು ಹೋಗಲಿಲ್ಲ. ದೊಡ್ಡ ಸಿಸ್ಟರ ಕೋಣೆಗೆ ಹೋಗಿ ಮೂವತ್ತೆಂಟು ಪಟ್ಟಿಗಳನ್ನೂ ಮೇಜಿನ ಮೇಲೆ ಇಳಿಸಿದ. ಹೊಸಬ ಅಲ್ಲೇ ನಿಂತು, ನಡೆದದ್ದನ್ನು ಬರೆದುಕೊಡುತ್ತಿದ್ದ.

"ಇವು ಯಾವುದೂ ಬಿಡಲ್ಲ ಸಿಸ್ಟರ್. ಆ ಸುತ್ತಿಗೆ ಕುಣಿಕೆಯೂ ತಾನಾಗಿ ಬಿಟ್ಟಿದ್ದಲ್ಲ. ನಾನು ಬ್ಲೇಡು ಹಾಕಿದ್ದು."

ಸಿಸ್ಟರ್ ಕನ್ನಡಕ ತೆಗೆದು ಅವನನ್ನು ನೋಡಿದರು. ಯಾಕೆ ಎಂದು ಕೇಳಿದರು. ದಾರಿಯುದ್ದಕ್ಕೂ ಅವನು ಏನೇನೋ ಕಾರಣ ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಒಂದೇ.

"ಹೊಟ್ಟೆಕಿಚ್ಚು."

ಹೊಸಬ ಪೆನ್ನು ಕೆಳಗಿಟ್ಟ. ಬಯ್ಯುತ್ತಾನೆ, ಕೈ ಮಾಡಿದರೂ ಮಾಡಿಯಾನು ಎಂದುಕೊಂಡ ಗೆಜ್ಜೆಯಣ್ಣ. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಕೆಳಗೆ ಅಕ್ಕ ಕೂತಿದ್ರು ಅಣ್ಣ," ಅಂದ ಹೊಸಬ, ಅಷ್ಟೇ.

ಇದು ಮೇಲಕ್ಕೆ ಹೋಗಲೇಬೇಕು, ಏನು ಮಾಡುತ್ತಾರೋ ನನ್ನ ಕೈಯಲ್ಲಿಲ್ಲ ಎಂದರು ಸಿಸ್ಟರ್. ಅದಕ್ಕೆ ಮೊದಲು ಈ ಪಟ್ಟಿಗಳನ್ನೆಲ್ಲ ಇದ್ದ ಜಾಗದಲ್ಲಿಟ್ಟು ಬರಬೇಕು. ತೆಗೆಯುವಾಗ ಯಾರಿಗೂ ಏನೂ ಹೇಳಿರಲಿಕ್ಕಿಲ್ಲ, ಇಡುವಾಗ ಹೇಳು ಎಂದರು.

ಅವನು ಮೇಲಿನಿಂದ ಶುರು ಮಾಡಿದ. ಐದನೆಯ ಮಹಡಿಯಲ್ಲಿ ಅರ್ಧ ನುಂಗಿ ಅರ್ಧ ಹೇಳಿದ. ಮೂರನೆಯದರಲ್ಲಿ ಪೂರ್ತಿ ಹೇಳಿದ. ಎರಡನೆಯದರಲ್ಲಿ ಕನ್ನಡಕದ ಮಾತಾಡಿದ್ದ ನರ್ಸು ಅವನ ಕೈಯಿಂದ ಪಟ್ಟಿ ಕಸಿದುಕೊಂಡು ಒಳಗೆ ಹೋದಳು.

ಕೆಳಗಿನ ಮಹಡಿಯ ಕೊನೆಯ ವಾರ್ಡಿಗೆ ಬಂದಾಗ ಅವನಲ್ಲಿ ಒಂದೇ ಪಟ್ಟಿ ಉಳಿದಿತ್ತು. ಅವನ ಹೆಂಡತಿ ಅಲ್ಲಿ ಸ್ಟೂಲಿನ ಮೇಲೆ ನಿಂತು ಪರದೆಗೆ ಕೊಕ್ಕೆ ಸಿಕ್ಕಿಸುತ್ತಿದ್ದಳು, ಬೆನ್ನು ಇತ್ತ ಕಡೆಗೆ. ಅವನ ಕಾಲು ಬಾಗಿಲಲ್ಲೇ ನಿಂತಿತು. ಪಟ್ಟಿ ಯಾಕೆ ಹೋಗಿತ್ತು, ಯಾಕೆ ಬಂತು ಎಂದು ಆ ವಾರ್ಡಿನ ನರ್ಸು ಕೇಳಿದಳು.

"ಇವಳ ಹೊಲಿಗೆ ಬಿಟ್ಟಿರಲಿಲ್ಲ. ನಾನು ಕೊಯ್ದಿದ್ದೆ," ಅಂದ.

ಹೆಂಡತಿ ಒಂದು ಕೊಕ್ಕೆ ಸಿಕ್ಕಿಸಿದಳು, ಇನ್ನೊಂದು ಸಿಕ್ಕಿಸಿದಳು. ತಿರುಗಲಿಲ್ಲ.

ಎಕ್ಸ್-ರೇಗೆ ಹೋಗಬೇಕಾದ ಒಬ್ಬ ಅಜ್ಜಿ ಸ್ಟ್ರೆಚರಿನ ಮೇಲೆ ಕಾಯುತ್ತಿದ್ದಳು. ಕೇಳಬಾರದ್ದನ್ನೆಲ್ಲ ಕೇಳಿಸಿಕೊಂಡಿದ್ದ ಅವಳು ಅಂಚಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇದು ಬಿಡುವುದಿಲ್ಲ ತಾನೆ ಎಂದು ಕೇಳಿದಳು. ಬಿಡುವುದಿಲ್ಲ ಅಜ್ಜಿ ಎಂದ ಗೆಜ್ಜೆಯಣ್ಣ. ಅಜ್ಜಿ ಅವನ ಮುಖ ನೋಡಿ, ಸರಳನ್ನು ಬಿಡಲಿಲ್ಲ.

ಹೆಂಡತಿ ಸ್ಟೂಲಿನಿಂದ ಇಳಿದು ಬಂದಳು. ಅವನ ಕೈಯಿಂದ ಪಟ್ಟಿ ತೆಗೆದುಕೊಂಡು, ಅಜ್ಜಿಯ ಮೇಲೆ ಹಾಯಿಸಿ, ಬಕ್ಕಲಿಗೆ ಸೇರಿಸಿ ಎಳೆದಳು. ಬಿಗಿಯಾಯಿತೇನೋ ಎಂದು ಪಟ್ಟಿಗೂ ಅಜ್ಜಿಯ ಹೊಟ್ಟೆಗೂ ನಡುವೆ ಅಂಗೈ ತೂರಿಸಿದಳು.

"ಈಗ ಉಸಿರು ತಗೊಳ್ಳಿ ಅಜ್ಜಿ."

ಅಜ್ಜಿ ಉಸಿರೆಳೆದುಕೊಂಡಳು. ಪಟ್ಟಿ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. ಸ್ಟ್ರೆಚರಿನ ಆಚೆ ಬದಿಯಲ್ಲಿ ಹೆಂಡತಿ ಕೈ ತೆಗೆಯದೆ ಅದನ್ನೇ ನೋಡುತ್ತ ನಿಂತಳು. ಈಚೆ ಬದಿಯಲ್ಲಿ ಅವನು, ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ.